ಪಠ್ಯದ ಪಕ್ಕ ಯಾವ ಪುಸ್ತಕ? ರಾಯದುರ್ಗ, ಮಡಕಶಿರದ ಕನ್ನಡ ಶಾಲೆಗಳಲ್ಲಿ ಪೂರಕ ಓದಿನ ಆಯ್ಕೆ



ಗಡಿನಾಡಿನ ಕನ್ನಡ ಶಾಲೆಗೆ ಏನಾದರೂ ಮಾಡಬೇಕೆಂದು ಹೊರಟವರಿಗೆಲ್ಲ ಮೊದಲು ಹೊಳೆಯುವುದು ಪುಸ್ತಕ. ಕೊಡುವವರ ಪ್ರೀತಿಯನ್ನು ಅನುಮಾನಿಸಲು ಕಾರಣವಿಲ್ಲ. ಆದರೆ ಪುಸ್ತಕ ಬಂದು ಸೇರುವುದು ಬೇರೆ, ಮಗುವಿಗೆ ಒದಗುವುದು ಬೇರೆ. ಇವೆರಡರ ನಡುವೆ ಆಯ್ಕೆ ಎಂಬ ಕೆಲಸವಿದೆ, ಅದನ್ನು ಯಾರೂ ತಮ್ಮದೆಂದು ತಿಳಿದಿಲ್ಲ. ಕೊಡುವವರು ತಮ್ಮಲ್ಲಿ ಇರುವುದನ್ನು ಕೊಡುತ್ತಾರೆ, ಇಲಾಖೆ ಟೆಂಡರಿನಲ್ಲಿ ಬಂದದ್ದನ್ನು ಕಳಿಸುತ್ತದೆ, ಅಂಗಡಿಯವನು ಓಡುವ ಗೈಡನ್ನು ತರಿಸುತ್ತಾನೆ, ಶಾಲೆ ಎಲ್ಲಕ್ಕೂ ಸಹಿ ಹಾಕಿ ಬೀರುವಿನಲ್ಲಿಡುತ್ತದೆ. ಇಂದು ನಾನು ಮುಂದಿಡುವ ವಾದ ಒಂದೇ. ಪೂರಕ ಪುಸ್ತಕದ ಯೋಗ್ಯತೆ ಆ ಪುಸ್ತಕದೊಳಗೆ ಮಾತ್ರ ಇರುವುದಿಲ್ಲ. ಅದು ಯಾವ ಪಠ್ಯದ ಪಕ್ಕದಲ್ಲಿ, ಯಾವ ಮಗುವಿನ ಕೈಯಲ್ಲಿ, ಯಾವ ಕೊರತೆ ತುಂಬಲು ಬಂದಿದೆ ಎಂಬುದನ್ನು ನೋಡಿಯೇ ಅದರ ಬೆಲೆ ಕಟ್ಟಬೇಕು. ಆದ್ದರಿಂದ ಪಟ್ಟಿ ಮೊದಲು, ದುಡ್ಡು ಆಮೇಲೆ. ಆ ಪಟ್ಟಿ ಬೆಂಗಳೂರಿನಲ್ಲಿ ಹುಟ್ಟಬಾರದು, ವಿಜಯವಾಡದಲ್ಲೂ ಹುಟ್ಟಬಾರದು. ಪಠ್ಯಪುಸ್ತಕವನ್ನು ದಿನವೂ ಕೈಯಲ್ಲಿ ಹಿಡಿಯುವವರ ಶಾಲೆಯಲ್ಲಿ ಹುಟ್ಟಬೇಕು.

ರಾಯದುರ್ಗ, ಮಡಕಶಿರದ ಈ ಸೀಮೆಯ ಇತಿಹಾಸವನ್ನು ಸ್ವಲ್ಪ ನೆನೆದರೆ ಈ ಮಾತು ಇಲ್ಲಿ ಯಾಕೆ ಹೆಚ್ಚು ಮುಖ್ಯ ಎಂಬುದು ತಿಳಿಯುತ್ತದೆ. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದಾಗ ಮಡಕಶಿರ ಅನಂತಪುರಕ್ಕೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ಬಳ್ಳಾರಿಯ ಉಳಿದ ಭಾಗ ಮೈಸೂರಿಗೆ ಬಂತು. ಮಡಕಶಿರದ ನಕ್ಷೆ ನೋಡಿದರೆ ಮೂರು ಕಡೆಯಿಂದ ಕರ್ನಾಟಕವೇ ಅದನ್ನು ಸುತ್ತಿಕೊಂಡಿದೆ. ಶಿರಾ, ಮಧುಗಿರಿ, ಪಾವಗಡದ ಸಂತೆಗೂ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಯ ಸಂತೆಗೂ ಮಾತಿನಲ್ಲಿ ಹೆಚ್ಚು ಅಂತರವಿಲ್ಲ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಮತ್ತೆ ವಿಂಗಡಿಸಿದಾಗ ಹಳೆಯ ಅನಂತಪುರ ಜಿಲ್ಲೆಯಿಂದ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಇದೆ. ಗೆರೆ ಎಳೆದಾಗಲೆಲ್ಲ ಕಚೇರಿ ಬದಲಾಯಿತು, ರಾಜ್ಯ ಬದಲಾದಾಗ ಪರೀಕ್ಷಾ ಮಂಡಳಿ, ಪಠ್ಯಪುಸ್ತಕಗಳೂ ಬದಲಾದವು. ಮನೆಯ ಮಾತು ಬದಲಾಗಲಿಲ್ಲ. ಹಾಗಾಗಿ ಇಲ್ಲಿಯ ಮಗು ಕನ್ನಡ ಓದುವುದು ಕರ್ನಾಟಕದ ಮಗುವಿನಂತೆ ಅಲ್ಲ. ಆಂಧ್ರದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತದೆ. ಪೂರಕ ಓದಿನ ಪ್ರಶ್ನೆಯ ಗಂಟು ಇರುವುದು ಇಲ್ಲೇ.

ಹಕ್ಕಿನ ಮಟ್ಟದಲ್ಲಿ ಈ ಮಗುವಿಗೆ ಕೊರತೆಯಿಲ್ಲ. 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರ ಸಮ್ಮೇಳನ ಒಂದು ತರಗತಿಯಲ್ಲಿ 10 ಮಕ್ಕಳು ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ಒಪ್ಪಿತ್ತು. 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಿ, ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲಿಟ್ಟಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಯಲ್ಲೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕ ಸೇರಿದಂತೆ ಎಲ್ಲ ವಿಷಯಗಳ ಪುಸ್ತಕಗಳಿರುವ ಗ್ರಂಥಾಲಯ ಇರಬೇಕೆನ್ನುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತವನ್ನು ನೋಡಿಕೊಂಡು 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನದ ಏರ್ಪಾಡಿದೆ. ಶಿಕ್ಷಕರಿರಬೇಕು, ಪುಸ್ತಕವಿರಬೇಕು, ಹಣವಿರಬೇಕು ಎಂದು ಈ ದಾಖಲೆಗಳೆಲ್ಲ ಹೇಳುತ್ತವೆ. ಯಾವ ಪುಸ್ತಕ ಎಂಬುದನ್ನು ಯಾವ ಕಾಯ್ದೆಯೂ ಹೇಳುವುದಿಲ್ಲ, ಹೇಳಲೂ ಬಾರದು. ಅದು ಕಾಯ್ದೆಯ ಕೆಲಸವಲ್ಲ, ವಿವೇಚನೆಯ ಕೆಲಸ.

ಆ ವಿವೇಚನೆಯ ಮೊದಲ ಹೆಜ್ಜೆ ಎಲ್ಲ ವಿಷಯಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗದಿರುವುದು. ಕರ್ನಾಟಕದಿಂದ ಬರುವ ಪುಸ್ತಕ ಇಲ್ಲಿಗೆ ಹೊಂದುತ್ತದೆಯೋ ಇಲ್ಲವೋ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ, ವಿಷಯವಾರು ಕೇಳಬೇಕು. ಸಮಾಜ ವಿಜ್ಞಾನವನ್ನೇ ತೆಗೆದುಕೊಳ್ಳಿ. ಕರ್ನಾಟಕದ ಪೌರನೀತಿಯ ಕೈಪಿಡಿ 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಎಂದು ಮೂರು ಹಂತ ಹೇಳುತ್ತದೆ. ಆಂಧ್ರದಲ್ಲಿ 1985ರಿಂದ ಮಂಡಲ ವ್ಯವಸ್ಥೆ ಇದೆ, ನಡುವಿನ ಹಂತ ಮಂಡಲ ಪರಿಷತ್ತು. ರಾಯದುರ್ಗದ ಕಡೆಯ ಕಣೇಕಲ್ಲಿನ ಹುಡುಗಿ ಕರ್ನಾಟಕದ ಕೈಪಿಡಿಯನ್ನು ಶ್ರದ್ಧೆಯಿಂದ ಬಾಯಿಪಾಠ ಮಾಡಿ ತಾಲ್ಲೂಕು ಪಂಚಾಯಿತಿ ಎಂದು ಬರೆದರೆ ಅವಳ ಶ್ರದ್ಧೆಯೇ ಅವಳ ಅಂಕ ಕಳೆಯುತ್ತದೆ. ತನ್ನೂರಿನಲ್ಲಿ ಕಣ್ಣಿಗೆ ಕಾಣುವ ಮಂಡಲ ಕಚೇರಿಗೂ ಪುಸ್ತಕದಲ್ಲಿರುವ ತಾಲ್ಲೂಕು ಕಚೇರಿಗೂ ತಾಳೆಯಾಗದೆ, ಪುಸ್ತಕ ಎಂದರೆ ಬೇರೆ ಊರಿನ ಸುದ್ದಿ ಎಂಬ ಭಾವನೆಯೂ ಅವಳಲ್ಲಿ ಕೂರುತ್ತದೆ. ಆ ಕೈಪಿಡಿಯಲ್ಲಿ ತಪ್ಪಿಲ್ಲ, ಮುದ್ರಣ ಚೆನ್ನಾಗಿದೆ, ಭಾಷೆ ತಿಳಿಯಾಗಿದೆ. ಶಿರಾದಲ್ಲಿ ಅದು ಒಳ್ಳೆಯ ಪುಸ್ತಕ, ಗಡಿ ದಾಟಿ ಅಗಳಿಗೆ ಬಂದ ಕೂಡಲೇ ಅದೇ ಪುಸ್ತಕ ದಾರಿ ತಪ್ಪಿಸುತ್ತದೆ.

ಗಣಿತ ಮತ್ತು ವಿಜ್ಞಾನದಲ್ಲಿ ಚಿತ್ರ ಬೇರೆ. ಕರ್ನಾಟಕ 2017-18ರಿಂದ ಹಂತ ಹಂತವಾಗಿ ಪ್ರೌಢಶಾಲೆಯ ಗಣಿತ, ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಕನ್ನಡಕ್ಕೆ ತಂದುಕೊಂಡಿತು. ಆಂಧ್ರವೂ ಈಚಿನ ವರ್ಷಗಳಲ್ಲಿ ಪ್ರೌಢಶಾಲೆಯ ತರಗತಿಗಳಿಗೆ ಎನ್‌ಸಿಇಆರ್‌ಟಿ ಆಧಾರಿತ ಪಠ್ಯಕ್ಕೆ ಹೊರಳಿತು. ಹಿಂದೆ ದೂರವಿದ್ದ ಎರಡು ಪಠ್ಯಕ್ರಮಗಳು ಈ ಎರಡು ವಿಷಯಗಳಲ್ಲಿ ಸಾಕಷ್ಟು ಹತ್ತಿರ ಬಂದಿವೆ. ಗಡಿನಾಡಿನ ಕನ್ನಡ ಶಾಲೆಗೆ ಈ ದಶಕದಲ್ಲಿ ಸಿಕ್ಕ ದೊಡ್ಡ ಅನುಕೂಲವೆಂದರೆ ಇದೇ, ಇದರ ಲಾಭ ಪಡೆಯುವ ಮಾತು ಮಾತ್ರ ಎಲ್ಲೂ ಕೇಳಿಬರುತ್ತಿಲ್ಲ. ಬಳ್ಳಾರಿಯಲ್ಲೋ ಚಳ್ಳಕೆರೆಯಲ್ಲೋ ಸಿಗುವ ಕನ್ನಡ ಗಣಿತದ ಅಭ್ಯಾಸ ಪುಸ್ತಕ, ವಿಜ್ಞಾನದ ಪ್ರಯೋಗ ಕೈಪಿಡಿಗಳನ್ನು ಈಗ ಇಲ್ಲಿಯ ಪಠ್ಯದ ಅಧ್ಯಾಯಗಳ ಜೊತೆ ಜೋಡಿಸಿ ನೋಡಬಹುದು. ಪಾರಿಭಾಷಿಕ ಪದಗಳು ಎರಡು ಕಡೆ ಒಂದೇ ಇರಲೇಬೇಕೆಂದಿಲ್ಲ. ಶಿಕ್ಷಕರು ಅಧ್ಯಾಯಕ್ಕೊಂದು ಚೀಟಿ ಮಾಡಿ, ನಮ್ಮ ಪುಸ್ತಕದ ಪದ ಇದು, ಆ ಪುಸ್ತಕದ ಪದ ಅದು ಎಂದು ಮುಖಪುಟದ ಒಳಗೆ ಅಂಟಿಸಿದರೆ ಅಡಚಣೆ ಕಳೆಯಿತು.

ಪರೀಕ್ಷೆಯ ಸಾಮಗ್ರಿಯಲ್ಲಿ ಮಾತ್ರ ಇಂಥ ರಾಜಿಗೆ ಜಾಗವಿಲ್ಲ. ಕರ್ನಾಟಕದಲ್ಲಿ ದಶಕಗಳಿಂದ ಎಸ್ಸೆಸ್ಸೆಲ್ಸಿ ಎಂದರೆ ಪ್ರಥಮ ಭಾಷೆಗೆ 125 ಸೇರಿ ಒಟ್ಟು 625 ಅಂಕ, ವಿಜ್ಞಾನ ಒಂದೇ ಪ್ರಶ್ನೆಪತ್ರಿಕೆ. ಆಂಧ್ರದ ಹತ್ತನೆ ತರಗತಿಗೆ 600 ಅಂಕ, ಭೌತ ವಿಜ್ಞಾನ ಬೇರೆ ಪತ್ರಿಕೆ, ಜೀವ ವಿಜ್ಞಾನ ಬೇರೆ ಪತ್ರಿಕೆ, ಪ್ರಶ್ನೆಗಳನ್ನು ಹಂಚುವ ರೀತಿಯೂ ಬೇರೆ. ಗಡಿಯಾಚೆಯ ‘ಪಾಸಿಂಗ್ ಪ್ಯಾಕೇಜ್’ ಎಷ್ಟೇ ಜನಪ್ರಿಯವಾಗಿದ್ದರೂ ಇಲ್ಲಿಯ ಮಗುವಿಗೆ ಅದು ಬೇರೆ ಪರೀಕ್ಷೆಯ ತಯಾರಿ. ತೆಲುಗು ಮತ್ತು ಇಂಗ್ಲಿಷ್ ಮಾಧ್ಯಮಕ್ಕೆ ಮಾಡೆಲ್ ಪೇಪರು, ಬಿಟ್ ಪೇಪರುಗಳು ಅಂಗಡಿಯಲ್ಲಿ ರಾಶಿ ರಾಶಿ ಸಿಗುತ್ತವೆ. ಕನ್ನಡ ಮಾಧ್ಯಮದ ಓದುಗರು ಕೆಲವೇ ಮಂಡಲಗಳಲ್ಲಿ ಇರುವುದರಿಂದ ಖಾಸಗಿ ಪ್ರಕಾಶಕರಿಗೆ ಅದು ಗಿಟ್ಟುವ ವ್ಯಾಪಾರವಲ್ಲ. ಮಾರುಕಟ್ಟೆ ಇದನ್ನು ತಾನಾಗಿ ತುಂಬುತ್ತದೆಂದು ಕಾಯುವುದರಲ್ಲಿ ಅರ್ಥವಿಲ್ಲ. ಹೊರಗಿನವರು ಹಣ ಕೊಡುವುದಾದರೆ ಮೊದಲು ಕೊಡಬೇಕಾದದ್ದು ಇಲ್ಲಿ. ಆಂಧ್ರ ಮಂಡಳಿಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕನ್ನಡದಲ್ಲಿ ಒಟ್ಟುಗೂಡಿಸಿ, ಇಲ್ಲಿಯ ಶಿಕ್ಷಕರಿಂದಲೇ ಉತ್ತರ ಬರೆಸಿ, ಮುದ್ರಿಸಿ ಹಂಚಬೇಕು. ನೋಡಲು ಅಂದವಾದ ದಾನವಲ್ಲ, ಫೋಟೋದಲ್ಲಿ ಮೆರೆಯುವುದೂ ಇಲ್ಲ. ಮಗುವಿಗೆ ಬೇಕಾದದ್ದು ಮಾತ್ರ ಅದೇ.

ಪಠ್ಯಕ್ರಮಕ್ಕೆ ಹೊಂದುತ್ತದೆಯೇ ಎಂಬುದು ಪೂರಕ ಪುಸ್ತಕಕ್ಕೆ ಒಡ್ಡುವ ಮೊದಲ ಪರೀಕ್ಷೆಯಾದರೆ, ಎರಡನೆಯದು ಓದಿನ ಮಟ್ಟದ್ದು. ಭಾಷಾ ವಿಷಯ ಬಿಟ್ಟರೆ ಇಲ್ಲಿಯ ಪಠ್ಯ ಮೊದಲು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ರೂಪುಗೊಂಡು ಆಮೇಲೆ ಕನ್ನಡಕ್ಕೆ ಬರುತ್ತದೆ. ಅನುವಾದಿತ ಪಠ್ಯದ ವಾಕ್ಯ ಉದ್ದವಾಗುವುದು, ಸಂಸ್ಕೃತದ ಪದ ಹೆಚ್ಚಾಗುವುದು ಎಲ್ಲ ಕಡೆಯೂ ಕಾಣುವ ಸಂಗತಿ. 1993ರಲ್ಲಿ ಯಶ್‌ಪಾಲ್ ಸಮಿತಿ ಮಕ್ಕಳ ಹೊರೆಯ ಬಗ್ಗೆ ವರದಿ ಕೊಟ್ಟಾಗ, ಚೀಲದ ತೂಕಕ್ಕಿಂತ ಅರ್ಥವಾಗದೆ ಓದುವ ಭಾರವೇ ಹೆಚ್ಚು ಹಾನಿಕರ ಎಂದು ತೋರಿಸಿತ್ತು. ಪೂರಕ ಪುಸ್ತಕ ಆ ಭಾರ ಇಳಿಸಬೇಕು. ಪಠ್ಯಕ್ಕಿಂತ ಕಠಿಣವಾದ ಪುಸ್ತಕವನ್ನು ಪೂರಕ ಎಂದು ಕೊಟ್ಟರೆ ಎರಡನೆಯ ಪಠ್ಯ ಹೇರಿದಂತೆ ಆಗುತ್ತದೆ. ಇದನ್ನು ಅಳೆಯಲು ತಜ್ಞರು ಬೇಕಿಲ್ಲ. ಪುಸ್ತಕದ ನಡುವಿನಿಂದ ಸುಮಾರು 100 ಪದಗಳ ಒಂದು ಪುಟ ತೆರೆದು, ಅದೇ ತರಗತಿಯ ಮೂವರು ಮಕ್ಕಳಿಂದ, ಒಬ್ಬರು ಚುರುಕು, ಒಬ್ಬರು ಸಾಧಾರಣ, ಒಬ್ಬರು ಹಿಂದುಳಿದವರು, ಗಟ್ಟಿಯಾಗಿ ಓದಿಸಬೇಕು. ತಡವರಿಸಿದ ಪದಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು. ಸಾಧಾರಣ ಮಗುವಿಗೆ ಐದಕ್ಕಿಂತ ಹೆಚ್ಚು ಗುರುತು ಬಿದ್ದರೆ ಆ ಪುಸ್ತಕ ಮೇಲಿನ ತರಗತಿಗೆ ಹೋಗಲಿ. ಓದಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಿ, ಏನು ಹೇಳಿತು ಹೇಳು ಎಂದರೆ ಎರಡು ವಾಕ್ಯವಾದರೂ ಬರಬೇಕು. ಹತ್ತು ನಿಮಿಷದ ಈ ಕೆಲಸ ಎಷ್ಟೋ ಮುನ್ನುಡಿ, ಬೆನ್ನುಡಿಗಳಿಗಿಂತ ನಂಬಿಕೆಗೆ ಅರ್ಹ.

ಸುಲಭವಾದ, ರುಚಿ ಹುಟ್ಟಿಸುವ ಓದು ಕೇವಲ ಮನರಂಜನೆ ಎನ್ನುವವರಿದ್ದಾರೆ. ಅವರಿಗೆ ಫಿಜಿ ದ್ವೀಪಗಳ ಪ್ರಯೋಗವನ್ನು ತೋರಿಸಬೇಕು. 1980ರ ದಶಕದ ಆರಂಭದಲ್ಲಿ ವಾರ್ವಿಕ್ ಎಲಿ ಮತ್ತು ಫ್ರಾನ್ಸಿಸ್ ಮಂಗುಭಾಯಿ ಅಲ್ಲಿಯ ಹಳ್ಳಿ ಶಾಲೆಗಳ ನಾಲ್ಕು, ಐದನೆ ತರಗತಿಗಳಿಗೆ ಮಕ್ಕಳು ಬಯಸಿ ಓದುವಂಥ 250 ಸಚಿತ್ರ ಕಥೆಪುಸ್ತಕಗಳನ್ನು ಒದಗಿಸಿದರು. ಮಕ್ಕಳಿಗೆ ಆ ಪುಸ್ತಕಗಳ ಭಾಷೆ ಮನೆಮಾತಲ್ಲ, ಶಾಲೆಯಲ್ಲಿ ಕಲಿತ ಎರಡನೆಯ ಭಾಷೆ. ವರ್ಷ ಕಳೆಯುವ ಹೊತ್ತಿಗೆ ಆ ಮಕ್ಕಳ ಓದು ಮತ್ತು ಗ್ರಹಿಕೆ ಮಾಮೂಲಿ ಪಾಠದ ತರಗತಿಗಳ ಮಕ್ಕಳಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಮುಂದುವರಿದಿತ್ತು. ಇದರಿಂದ ನಮಗೆ ಎರಡು ತಿಳಿವಳಿಕೆ ಸಿಗುತ್ತದೆ. ಒಂದು, ಮಗು ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕವೇ ಓದು ಕಲಿಸುತ್ತದೆ. ಎರಡು, ಬಿಡಿ ಬಿಡಿಯಾಗಿ ನಾಲ್ಕು ಪುಸ್ತಕ ಕೊಟ್ಟರೆ ಸಾಲದು, ಕಣ್ಣಿಗೆ ಕಾಣುವಷ್ಟು, ಕೈಗೆ ಸಿಗುವಷ್ಟು ಇರಬೇಕು. ಕನ್ನಡದ ಭಾಷಾ ಓದಿಗೆ ರಾಜ್ಯದ ಗಡಿ ಅಡ್ಡಬರುವುದೇ ಇಲ್ಲ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು ಚಿಕ್ಕ ತರಗತಿಗೆ, ಪೂರ್ಣಚಂದ್ರ ತೇಜಸ್ವಿಯವರ ಬರಹಗಳು ಎಂಟು, ಒಂಬತ್ತಕ್ಕೆ, ವಿದ್ಯಾರ್ಥಿಗಳ ಜೊತೆಗಿನ ಸಸ್ಯಸಂಗ್ರಹದ ಪ್ರವಾಸವನ್ನು ಹೇಳುವ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಜೀವಶಾಸ್ತ್ರದಲ್ಲಿ ಆಸಕ್ತಿಯಿರುವ ಹತ್ತನೆ ತರಗತಿಯವರಿಗೆ. ಈ ಭಾಗದಲ್ಲಿ ಕರ್ನಾಟಕದ ದಾನಿಗಳು ಕಣ್ಣುಮುಚ್ಚಿ ಧೈರ್ಯವಾಗಿ ಕೊಡಬಹುದು, ಮಟ್ಟ ನೋಡಿ ಹಂಚುವ ಕೆಲಸ ಶಾಲೆಯದು.

ಮೂರನೆಯ ಪರೀಕ್ಷೆ ಈ ನೆಲದ್ದು. ಎರಡೂ ರಾಜ್ಯದ ಪುಸ್ತಕಗಳಲ್ಲಿ ಈ ಅಂಚಿನ ಮಂಡಲಗಳಿಗೆ ಸಿಗುವ ಜಾಗ ಕಡಿಮೆ, ಅದು ಸಹಜ. ಗಾಳಿಯ ಸವೆತ ಎಂದೊಡನೆ ಪುಸ್ತಕಗಳು ಥಾರ್ ಮರುಭೂಮಿಯ ಚಿತ್ರ ತೋರಿಸುವುದು ವಾಡಿಕೆ. ಕಣೇಕಲ್, ಬೊಮ್ಮನಹಾಳ್ ಕಡೆಯ ಮಗು ಮರಳು ದಿಬ್ಬ ನೋಡಲು ರಾಜಸ್ಥಾನಕ್ಕೆ ಹೋಗಬೇಕಿಲ್ಲ. ಬಾಬಾಬುಡನ್ ಬೆಟ್ಟದಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಅದನ್ನು ತಡೆದು ನಿಲ್ಲಿಸುತ್ತದೆ. ಕೆಳಗೆ ಅದೇ ಹೊಳೆ ಹಗರಿ ಎನಿಸಿಕೊಂಡು ರಾಯದುರ್ಗದ ಸೀಮೆಗೆ ಬಂದು ಭೈರವಾನಿತಿಪ್ಪ ಜಲಾಶಯ ದಾಟಿ ತುಂಗಭದ್ರೆಯ ಕಡೆ ಹೊರಡುತ್ತದೆ. ವರ್ಷದ ಬಹುಪಾಲು ಪಾತ್ರ ಒಣಗಿರುತ್ತದೆ. ಮುಂಗಾರಿನ ಬೀಸುಗಾಳಿ ಆ ಮರಳನ್ನು ಎತ್ತಿ ತಂದು ಹೊಲದ ಮೇಲೆ ಸುರಿಯುತ್ತದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆಯ ಜಿಲ್ಲೆಯಲ್ಲಿ ಮರಳು ಯಾಕೆ ಚಲಿಸುತ್ತದೆ, ಯಾವ ತಿಂಗಳಲ್ಲಿ ಹೆಚ್ಚು, ಬೇಲಿಗೆ ಯಾವ ಗಿಡ ನಿಲ್ಲುತ್ತದೆ, ದಿಬ್ಬದಲ್ಲಿ ನೆಟ್ಟ ಕೋಲಿನ ಗುರುತು ಎರಡು ತಿಂಗಳಲ್ಲಿ ಎಷ್ಟು ಮುಚ್ಚಿತು, ಇಷ್ಟನ್ನು ನಾಲ್ಕು ಪುಟದ ಅಭ್ಯಾಸ ಹಾಳೆಯಲ್ಲಿ ಇಟ್ಟರೆ ಭೂಗೋಳ, ವಿಜ್ಞಾನ, ಗಣಿತ ಮೂರಕ್ಕೂ ಅದು ಪೂರಕ. ಇಂಥದ್ದನ್ನು ಯಾವ ಪ್ರಕಾಶಕನೂ ಅಚ್ಚು ಹಾಕಿಸುವುದಿಲ್ಲ, ಕೊಳ್ಳಲು ಸಿಗದ ಪೂರಕ ಸಾಮಗ್ರಿ ಎಂದರೆ ಇದೇ.

ಮಡಕಶಿರದ ಕಡೆಗೆ ಹೇಮಾವತಿ ಇದೆ. ಅಮರಾಪುರ ಮಂಡಲದ ಈ ಹಳ್ಳಿ ಹಿಂದೆ ಹೆಂಜೇರು ಎಂಬ ಹೆಸರಿನ ನೊಳಂಬರ ರಾಜಧಾನಿ. ನೊಳಂಬವಾಡಿ 32,000 ಎಂದು ಶಾಸನಗಳು ಹೆಸರಿಸುವ ನಾಡಿನ ನಡುವೆ ಇಂದಿನ ಈ ಶಾಲೆಗಳು ನಿಂತಿವೆ. ಅಲ್ಲಿಯ ಶಿಲ್ಪಗಳು ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿವೆ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳಿಗಾಗಿಯೇ ದಕ್ಷಿಣ ಭಾರತ ಶಾಸನಗಳ ಮಾಲೆಯ 9ನೆಯ ಸಂಪುಟವನ್ನು ಮೀಸಲಿಟ್ಟರು, ಅದರ ಮೊದಲ ಭಾಗ 1939ರಲ್ಲಿ ಬಂತು. ಆ ಸಂಪುಟವನ್ನು ಏಳನೆ ತರಗತಿಯ ಕೈಗಿಟ್ಟರೆ ಹಿಂದೆ ಹೇಳಿದ ಐದು ಗುರುತಿನ ಪರೀಕ್ಷೆಯಲ್ಲಿ ಅದು ಮೊದಲ ಸಾಲಿನಲ್ಲೇ ಸೋಲುತ್ತದೆ. ಒಂದು ಸಣ್ಣ ಶಾಸನದ ಚಿತ್ರ, ಅದರ ಹಳಗನ್ನಡ ಪಾಠ, ಅದರ ಕೆಳಗೆ ಇಂದಿನ ಕನ್ನಡದಲ್ಲಿ ಮೂರು ಸಾಲು, ಕೊನೆಗೆ ದಾನ ಕೊಟ್ಟವರಾರು, ಏನು ಕೊಟ್ಟರು, ಯಾಕೆ ಕೊಟ್ಟರು ಎಂಬ ಮೂರು ಪ್ರಶ್ನೆ, ಇಷ್ಟು ಎರಡು ಪುಟದಲ್ಲಿ ಹಿಡಿದರೆ ಸಾಕು. ಊರಿನ ಹೆಮ್ಮೆ ಬೆಳೆಸುವುದಕ್ಕಿಂತ ಹೆಚ್ಚಿನ ಕೆಲಸ ಅದು ಮಾಡುತ್ತದೆ. ಚರಿತ್ರೆ ಎಂದರೆ ದಾಖಲೆ ಓದಿ ತೀರ್ಮಾನಕ್ಕೆ ಬರುವ ವಿದ್ಯೆ ಎಂಬುದನ್ನು ಕಲಿಸುತ್ತದೆ. ಸ್ಥಳೀಯ ವಿಷಯ ಮಗುವನ್ನು ಊರಿಗೇ ಕಟ್ಟಿಹಾಕುವುದಿಲ್ಲವೆ ಎಂಬ ಆಕ್ಷೇಪ ಉಂಟು. ಊರಿನ ಹೊಗಳಿಕೆಯನ್ನೇ ಪುಸ್ತಕ ಮಾಡಿದರೆ ಖಂಡಿತ ಕಟ್ಟಿಹಾಕುತ್ತದೆ. ಹಗರಿಯ ಮರಳಿನಿಂದ ಥಾರ್‌ಗೆ, ಹೆಂಜೇರಿನ ಕಲ್ಲಿನಿಂದ ದಕ್ಷಿಣ ಭಾರತದ ರಾಜಕೀಯಕ್ಕೆ ಹೋಗುವಂತೆ ಹಾಳೆ ಬರೆದರೆ ಊರು ಮಗುವನ್ನು ಹೊರಗಿನ ಲೋಕಕ್ಕೆ ಕರೆದೊಯ್ಯುತ್ತದೆ.

ಇನ್ನು ತೆಲುಗಿನ ಮಾತು. ಕನ್ನಡ ಶಾಲೆಯ ಬೀರುವಿನಲ್ಲಿ ತೆಲುಗು ಪುಸ್ತಕ ಯಾಕೆ ಎಂದು ಕೇಳುವ ಅಭಿಮಾನಿಗಳಿದ್ದಾರೆ. ಅವರ ಭಯಕ್ಕೆ ಕಾರಣಗಳಿವೆ, ದೊಡ್ಡ ಭಾಷೆಯ ನೆರಳಿನಲ್ಲಿ ಚಿಕ್ಕ ಗುಂಪಿನ ಭಾಷೆ ಸೊರಗಿದ ಉದಾಹರಣೆಗಳು ಬೇಕಾದಷ್ಟಿವೆ. ಆದರೆ ಇಲ್ಲಿಯ ಮಗು ತೆಲುಗು ವಿಷಯದ ಪರೀಕ್ಷೆಯನ್ನೂ ಬರೆಯಬೇಕು, ತೆಲುಗಿನಲ್ಲಿ ಅರ್ಜಿ ಕೊಡಬೇಕು, ಸಂತೆಯಲ್ಲಿ ಎರಡೂ ಭಾಷೆ ಆಡಬೇಕು. ತೆಲುಗಿನಲ್ಲಿ ಸೋತ ಮಗುವಿನ ತಂದೆತಾಯಿ ದೂರುವುದು ತೆಲುಗು ಪಠ್ಯವನ್ನಲ್ಲ, ಕನ್ನಡ ಮಾಧ್ಯಮವನ್ನು. ಅಂದರೆ ತೆಲುಗಿನ ಪೂರಕ ಓದು ಕನ್ನಡ ಶಾಲೆಯ ರಕ್ಷಣೆಗೇ ಬೇಕು. 1979ರಲ್ಲಿ ಜಿಮ್ ಕಮಿನ್ಸ್ ಮಂಡಿಸಿದ ವಿಚಾರದಂತೆ ಒಂದು ಭಾಷೆಯಲ್ಲಿ ಗಟ್ಟಿಯಾದ ಓದಿನ ಶಕ್ತಿ ಇನ್ನೊಂದು ಭಾಷೆಯ ಓದಿಗೆ ನೆರವಾಗುತ್ತದೆ. ಕನ್ನಡ, ತೆಲುಗು ಲಿಪಿಗಳು ಒಂದೇ ಮೂಲದಿಂದ ಬೇರ್ಪಟ್ಟ ಅಕ್ಕತಂಗಿಯರಾದ್ದರಿಂದ ಇಲ್ಲಿ ದಾರಿ ಇನ್ನೂ ಸಲೀಸು. ಸರ್ವಜ್ಞನ ತ್ರಿಪದಿಯ ಪಕ್ಕ ವೇಮನನ ಪದ್ಯ ಇಟ್ಟು ಓದಿಸುವುದು ಈ ಸೀಮೆಗೆ ಹೇಳಿ ಮಾಡಿಸಿದ ಜೋಡಿ. 1947ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾಗಿ ಆಮೇಲೆ ಕನ್ನಡಕ್ಕೂ ಬಂದ ‘ಚಂದಮಾಮ’ ಒಂದೇ ಕಥೆ, ಒಂದೇ ಚಿತ್ರ ಇಟ್ಟುಕೊಂಡು ಹಲವು ಭಾಷೆಯ ಮಕ್ಕಳನ್ನು ತಲುಪಿತ್ತು. ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ, 2015ರಲ್ಲಿ ಪ್ರಥಮ್ ಬುಕ್ಸ್ ತೆರೆದ ಸ್ಟೋರಿವೀವರ್ ತಾಣ ಇಂದು ಆ ಅನುಕೂಲ ಕೊಡುತ್ತವೆ. ಕನ್ನಡದಲ್ಲಿ ಮೊದಲು ಓದಿ ಅರ್ಥ ಹಿಡಿದ ಕಥೆಯನ್ನೇ ತೆಲುಗಿನಲ್ಲಿ ಓದುವ ಮಗುವಿಗೆ ಅರ್ಥದ ಆತಂಕವಿಲ್ಲ, ಲಿಪಿ ಮತ್ತು ಪದಗಳ ಮೇಲೆ ಗಮನ ಕೊಟ್ಟರೆ ಸಾಕು.

ಇಷ್ಟೆಲ್ಲ ಯಾಕೆ, ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂಬುದು ಇಂದಿನ ದೊಡ್ಡ ಆಕ್ಷೇಪ. 2017ರಲ್ಲಿ ಬಂದ ದೀಕ್ಷಾ ವೇದಿಕೆಯಿಂದ ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಮಾಮೂಲಾಗಿದೆ. ಇದು ಉಪಯುಕ್ತ, ಸಂಶಯವಿಲ್ಲ. ಆದರೆ ಯೂಟ್ಯೂಬಿನಲ್ಲಿ ಕನ್ನಡದಲ್ಲಿ ಹತ್ತನೆ ತರಗತಿ ಎಂದು ಹುಡುಕಿದರೆ ಮೊದಲು ಬರುವುದು ಕರ್ನಾಟಕದ ಪಾಠ. ಯಂತ್ರಕ್ಕೆ ಭಾಷೆ ಗೊತ್ತು, ಪಠ್ಯಕ್ರಮ ಗೊತ್ತಿಲ್ಲ. ಮೊಬೈಲು ಆಯ್ಕೆಯ ಕಷ್ಟವನ್ನು ನೀಗಿಸಿಲ್ಲ, ಹತ್ತು ಪಟ್ಟು ಹೆಚ್ಚಿಸಿದೆ. ಶಿಕ್ಷಕರೇ ವಿಡಿಯೊ ನೋಡಿ, ಇಂಥ ಅಧ್ಯಾಯಕ್ಕೆ ಇಂಥದ್ದು, ಇಷ್ಟನೆಯ ನಿಮಿಷದಿಂದ ಎಂದು ಬರೆದುಕೊಟ್ಟರೆ ಅದೂ ಪಟ್ಟಿಯ ಭಾಗವಾಗಲಿ. ಇನ್ನೊಂದು ಆಕ್ಷೇಪ ಉದ್ಯೋಗದ್ದು. ಇಂಗ್ಲಿಷಿನ ಕಾಲದಲ್ಲಿ ಕನ್ನಡದ ಪೂರಕ ಓದಿಗೆ ದುಡ್ಡು ಸುರಿಯುವುದೇಕೆ? 2019ರ ನವೆಂಬರಿನಲ್ಲಿ ಆಂಧ್ರ ಸರ್ಕಾರ ಒಂದರಿಂದ ಆರನೆ ತರಗತಿವರೆಗೆ ಇಂಗ್ಲಿಷ್ ಮಾಧ್ಯಮದ ಆದೇಶ ಹೊರಡಿಸಿದ್ದು, 2020ರ ಏಪ್ರಿಲಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ತಂದೆತಾಯಂದಿರ ಇಂಗ್ಲಿಷ್ ಆಸೆ ಕೋರ್ಟಿನ ತೀರ್ಪಿನಿಂದ ಕರಗುವುದಿಲ್ಲ, ಕರಗಬೇಕಾಗಿಯೂ ಇಲ್ಲ. ಅರ್ಥ ಮಾಡಿಕೊಂಡು ಓದಲು ಬಾರದ ಮಗು ಯಾವ ಮಾಧ್ಯಮದಲ್ಲೂ ಮುಂದೆ ಬರುವುದಿಲ್ಲ. ಆ ಅಭ್ಯಾಸ ಮನೆಮಾತಿನಲ್ಲೇ ಬೇಗ ಕೂರುತ್ತದೆ ಎಂಬಷ್ಟನ್ನು ಒಪ್ಪಿದರೆ ಸಾಕು.

ನಮ್ಮ ಮಕ್ಕಳು ಹತ್ತನೆ ತರಗತಿ ಮುಗಿಸಿ ಬಳ್ಳಾರಿಗೋ ತುಮಕೂರಿಗೋ ಪಿಯುಸಿಗೆ ಹೋಗುತ್ತಾರೆ, ಆದ್ದರಿಂದ ಈಗಿನಿಂದಲೇ ಕರ್ನಾಟಕದ ಸಾಮಗ್ರಿ ಓದಲಿ ಎನ್ನುವವರ ಮಾತಿನಲ್ಲೂ ಹುರುಳಿದೆ. ಆದರೆ ಕರ್ನಾಟಕಕ್ಕೆ ಹೋಗಲು ಮೊದಲು ಆಂಧ್ರದ ಪರೀಕ್ಷೆ ಪಾಸಾಗಬೇಕು. ಈ ಅಗತ್ಯವನ್ನು ಹತ್ತನೆ ತರಗತಿಯ ವರ್ಷದಲ್ಲಿ ಬೆರೆಸದೆ, ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ಓದುವ ಒಂದು ಸೇತು ಪುಸ್ತಿಕೆಯಾಗಿ ಬೇರೆ ಮಾಡುವುದು ಜಾಣತನ. ಅಲ್ಲಿಯ ಆಡಳಿತದ ಹಂತಗಳು, ಅಲ್ಲಿಯ ಪಾರಿಭಾಷಿಕ ಪದಗಳು, ಗಡಿನಾಡ ಕನ್ನಡಿಗರಿಗೆ ಇರುವ ಪ್ರವೇಶದ ಅವಕಾಶಗಳು ಅದರಲ್ಲಿರಲಿ. ಯಾವ ಪುಸ್ತಕ ಎಂಬುದರ ಜೊತೆಗೆ ಯಾವಾಗ ಎಂಬುದೂ ಆಯ್ಕೆಯೇ.

ಶಿಕ್ಷಕರಿಗೆ ಬಿಡುವೆಲ್ಲಿದೆ ಎಂಬ ಕೊನೆಯ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಆ್ಯಪಿನಲ್ಲಿ ಹಾಜರಿ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಎಲ್ಲ ಅವರ ತಲೆ ಮೇಲಿದೆ. ಹೊಸ ಕೆಲಸ ಹೇರುವ ಹಕ್ಕು ಉಪನ್ಯಾಸಕನಿಗೆ ಇಲ್ಲ. ಆದರೆ ನಾನು ಹೇಳುತ್ತಿರುವುದರ ಅರ್ಧ ಭಾಗ ಅವರು ಈಗಾಗಲೇ ಮನಸ್ಸಿನಲ್ಲಿ ಮಾಡಿಕೊಂಡಿರುವ ಕೆಲಸ. ಯಾವ ಅಧ್ಯಾಯದಲ್ಲಿ ಮಕ್ಕಳು ಮುಗ್ಗರಿಸುತ್ತಾರೆ ಎಂಬುದು ಪ್ರಾಥಮಿಕ ತರಗತಿಯ ಪ್ರತಿ ಎಸ್‌ಜಿಟಿಗೂ, ಪ್ರೌಢಶಾಲೆಯ ಪ್ರತಿ ಸ್ಕೂಲ್ ಅಸಿಸ್ಟೆಂಟಿಗೂ ಗೊತ್ತು. ಅದನ್ನು ವರ್ಷಕ್ಕೊಮ್ಮೆ ಒಂದು ಹಾಳೆಯಲ್ಲಿ ಬರೆದರೆ ಸಾಕು: ಅಧ್ಯಾಯ, ತೊಡಕು, ಬೇಕಾದ ಪುಸ್ತಕದ ಬಗೆ, ಬೇಕಾದ ಪ್ರತಿ. ಮಂಡಲದ ಕನ್ನಡ ಶಿಕ್ಷಕರು ಕ್ಲಸ್ಟರ್ ಸಭೆಯಲ್ಲಿ ಆ ಹಾಳೆಗಳನ್ನು ಕೂಡಿಸಿ, ವಿಷಯ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದೆರಡು ಪುಸ್ತಕದ ಪರಿಶೀಲನೆ. ಇದರ ಜೊತೆಗೆ ಎರಡು ನಿಯಮ ಸೇರಿಸುತ್ತೇನೆ. 40 ಬೇರೆ ಬೇರೆ ಪುಸ್ತಕದ ಒಂದೊಂದು ಪ್ರತಿಗಿಂತ 10 ಪುಸ್ತಕದ ನಾಲ್ಕು ನಾಲ್ಕು ಪ್ರತಿ ಮೇಲು, ನಾಲ್ವರು ಕೂತು ಒಟ್ಟಿಗೆ ಓದಿ ಮಾತಾಡಬಹುದು. ಹಳೆಯ ಪಠ್ಯಕ್ರಮದ ಗೈಡು, ಹೊಂದದ ಕೈಪಿಡಿಗಳನ್ನು ವರ್ಷಕ್ಕೊಮ್ಮೆ ಬೀರುವಿನಿಂದ ತೆಗೆಯಲೇಬೇಕು. ತೆಗೆಯುವ ಧೈರ್ಯವಿಲ್ಲದ ಕಡೆ ಆಯ್ಕೆಯೂ ಇರುವುದಿಲ್ಲ. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಬಂದ ಪೆಟ್ಟಿಗೆಗಳು ಎಷ್ಟೋ ಶಾಲೆಗಳಲ್ಲಿ ಬೀಗದೊಳಗೇ ಹಳತಾದವು. ಕಳೆದುಹೋದರೆ ಹೊಣೆ ಯಾರು ಎಂಬ ಭಯ ಪುಸ್ತಕವನ್ನು ಮಕ್ಕಳಿಂದ ದೂರವಿಟ್ಟಿತು. ಓದಿ ಹರಿದ ಪುಸ್ತಕವನ್ನು ನಷ್ಟದ ಕಾಲಮ್ಮಿನಲ್ಲಿ ಬರೆಯದ ಮಂಡಲ ಶಿಕ್ಷಣಾಧಿಕಾರಿ (ಎಂಇಒ) ಈ ಕೆಲಸಕ್ಕೆ ಕೊಡುವ ನೆರವು ಯಾವ ಅನುದಾನಕ್ಕೂ ಕಡಿಮೆಯಲ್ಲ.

ದಾನಿಗಳಿಗೆ, ಕರ್ನಾಟಕದ ಸಂಸ್ಥೆಗಳಿಗೆ ಒಂದು ವಿನಂತಿಯೊಂದಿಗೆ ಮುಗಿಸುತ್ತೇನೆ. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ, ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಪರಿಷತ್ತಿನ ಗಡಿನಾಡ ಘಟಕಗಳು, ಈ ಉಪನ್ಯಾಸ ಏರ್ಪಡಿಸಿದಂಥ ದತ್ತಿಗಳು, ಎಲ್ಲರ ಬಳಿಯೂ ಏನಾದರೂ ಕೊಡುವ ಶಕ್ತಿ ಇದೆ. ಮುಂದಿನ ಸಲ ಏನು ಕಳಿಸೋಣ ಎಂದು ತಮ್ಮೊಳಗೆ ಚರ್ಚಿಸುವ ಮೊದಲು ನಿಮ್ಮ ಪಟ್ಟಿ ಕಳಿಸಿ ಎಂದು ಶಾಲೆಗೆ ಕೇಳಲಿ. ಪಟ್ಟಿಯಲ್ಲಿ ತೆಲುಗು ಪುಸ್ತಕವಿದ್ದರೆ ಮುನಿಸು ಬೇಡ, ಪ್ರಶ್ನೆಪತ್ರಿಕೆಯ ಜೆರಾಕ್ಸ್ ಖರ್ಚಿದ್ದರೆ ತಾತ್ಸಾರ ಬೇಡ. ಹಗರಿಯ ಮರಳಿನ ನಾಲ್ಕು ಪುಟ, ಹೆಂಜೇರಿನ ಶಾಸನದ ಎರಡು ಪುಟ ಅಚ್ಚು ಹಾಕಿಸಲು ಬೇಕಾಗುವುದು ದೊಡ್ಡ ಮೊತ್ತವೇನಲ್ಲ. ಈ ದತ್ತಿಯ ಬಡ್ಡಿಯಲ್ಲಿ ಉಪನ್ಯಾಸದ ಖರ್ಚು ಕಳೆದು ಉಳಿಯುವ ಭಾಗವನ್ನು ಪ್ರತಿ ವರ್ಷ ಅಂಥ ಒಂದು ಹಾಳೆಗೆ, ಶಿಕ್ಷಕರೇ ಬರೆದು ತಮ್ಮ ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದ್ದಕ್ಕೆ, ಮೀಸಲಿಡುವ ಬಗ್ಗೆ ದತ್ತಿ ಸಮಿತಿ ಯೋಚಿಸಲಿ ಎಂದು ಕೋರುತ್ತೇನೆ. ಹತ್ತು ವರ್ಷಕ್ಕೆ ಹತ್ತು ವಿಷಯದ ಹಾಳೆಗಳಾಗುತ್ತವೆ. ಎರಡೂ ರಾಜ್ಯದ ಪುಸ್ತಕಗಳು ಬಿಟ್ಟ ಜಾಗವನ್ನು ತುಂಬುವ, ಇಲ್ಲಿಯವರೇ ಆಯ್ದು ಬರೆದ ಒಂದು ಪುಸ್ತಕ ಆಗ ರಾಯದುರ್ಗ, ಮಡಕಶಿರದ ಶಾಲೆಗಳ ಪಾಲಿಗೆ ಇರುತ್ತದೆ.